ಪಟ್ಟಿಯಲ್ಲಿದ್ದ ಪಿಡಿಎಫ್

ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಉಡುಪಿಯ ನಮ್ಮ ಹವ್ಯಾಸಿ ಯಕ್ಷಗಾನ ಸಂಘಕ್ಕೆ ಉಳಿಯುವುದು ಲೆಕ್ಕಪತ್ರ ಮತ್ತು ಜಗಳ. ಈ ವಾರ ಎರಡೂ ಒಟ್ಟಿಗೇ ಬಂದವು. ಜಾಲತಾಣದ ಜಾಗ ತುಂಬಿದೆ, ಇನ್ನಷ್ಟು ಬೇಕಾದರೆ ಹಣ ಕಟ್ಟಿ ಎಂಬ ಸೂಚನೆ ಬಂದದ್ದೇ ತಡ, ಖಜಾಂಚಿ ಶೆಟ್ಟರು ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸೋದರಳಿಯನನ್ನು ಕರೆಸಿದರು. ಹಣ ಬಿಚ್ಚುವ ಮಾತು ಬಂದಾಗ ಶೆಟ್ಟರಿಗೆ ನೆಂಟರು ನೆನಪಾಗುತ್ತಾರೆ.

ಹುಡುಗ ಜಾಣ. ಅದು ಅವನಿಗೂ ಚೆನ್ನಾಗಿ ಗೊತ್ತಿದೆ, ತೊಂದರೆ ಅಲ್ಲೇ. ಕುಳಿತ ಸ್ವಲ್ಪ ಹೊತ್ತಿನಲ್ಲೇ ಕಾರಣ ಹೇಳಿದ. ನಮ್ಮದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ ನಡೆಯುವ ತಾಣ. ಒಂದು ದೊಡ್ಡ ಫೋಟೊ ಏರಿಸಿದರೆ ಅದು 150, 300, 768, 1024, 1536, 2048 ಪಿಕ್ಸೆಲ್ ಎಂದು ಬೇರೆ ಬೇರೆ ಅಳತೆಯ ಪ್ರತಿಗಳನ್ನು ತಾನೇ ಮಾಡಿಕೊಳ್ಳುತ್ತದೆ. 2019ರಲ್ಲಿ ಬಂದ 5.3 ಆವೃತ್ತಿಯಿಂದೀಚೆಗೆ, 2560 ಪಿಕ್ಸೆಲ್ ಮೀರಿದ ಚಿತ್ರಕ್ಕೆ ಕುಗ್ಗಿಸಿದ ಇನ್ನೊಂದು ಪ್ರತಿ. ಮೂಲ ಫೈಲು ಬೇರೆ. ಬರಹವನ್ನು ಅಳಿಸಿದರೂ ಅದರ ಚಿತ್ರಗಳು ಅಳಿಯುವುದಿಲ್ಲ. ಒಬ್ಬ ಬಣ್ಣದ ವೇಷಧಾರಿ ಎಂಟು ಮಂದಿಯಾಗಿ ಕುಳಿತರೆ ಜಾಗ ತುಂಬದೆ ಇನ್ನೇನು?

ಪರಿಹಾರವೂ ಅವನಲ್ಲೇ ಇತ್ತು. ಪ್ರತಿ ರಾತ್ರಿ ತಾಣವನ್ನು ಜಾಲಾಡಿ, ಯಾವ ಪುಟದಲ್ಲೂ ಕಾಣಿಸದ ಫೈಲುಗಳನ್ನು ತಾನಾಗಿ ಅಳಿಸುವ ಪ್ಲಗಿನ್, ಅಂದರೆ ತಾಣಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಮು. ಅಳಿಸುವ ಮೊದಲು ಪಟ್ಟಿ ತೋರಿಸಿದ್ದು ನಮ್ಮ ಪುಣ್ಯ. ಶೆಟ್ಟರು ಕನ್ನಡಕ ಏರಿಸಿ ಪರದೆಯ ಮೇಲೆ ಬೆರಳಿಟ್ಟರು.

“ಇದು ಮಕ್ಕಳ ಪದ್ಯದ ಪಿಡಿಎಫ್ ಅಲ್ಲವೋ?”

“ಯಾರೂ ಬಳಸುತ್ತಿಲ್ಲ ಮಾವ, ಪ್ರೋಗ್ರಾಮೇ ಹೇಳುತ್ತಿದೆ.”

“ಭಾನುವಾರ ತರಗತಿಗೆ ಬಾ ಮಾರಾಯ, ಬಳಸುವವರನ್ನು ತೋರಿಸುತ್ತೇನೆ.”

ಆ ಪಿಡಿಎಫ್‌ನ ಕ್ಯೂಆರ್ ಕೋಡ್ ತರಗತಿಯ ಗೋಡೆಗೆ ಅಂಟಿಸಿದೆ. ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ತಾಯಂದಿರು, ಮೊಬೈಲ್ ಹಿಡಿದು ನೇರವಾಗಿ ಫೈಲಿಗೇ ಹೋಗುತ್ತಾರೆ. ತಾಣದ ಯಾವ ಪುಟದಲ್ಲೂ ಅದರ ಕೊಂಡಿ ಇಲ್ಲ. ಪ್ಲಗಿನ್ ಓದುವುದು ತಾಣದ ಒಳಗಿರುವುದನ್ನು. ಗೋಡೆಯನ್ನಲ್ಲ, ವಾಟ್ಸ್ಆ್ಯಪ್ ಗುಂಪುಗಳನ್ನೂ ಅಲ್ಲ. ಇನ್ನೂ ಒಂದಿದೆ: ವರ್ಡ್‌ಪ್ರೆಸ್‌ನಲ್ಲಿ ಅಳಿಸಿದ ಬರಹ ಕಸದ ಬುಟ್ಟಿಗೆ ಹೋಗಿ ಕೆಲವು ದಿನ ಕಾಯುತ್ತದೆ, ಚಿತ್ರಗಳಿಗೆ ಮತ್ತು ಇಂತಹ ಫೈಲುಗಳಿಗೆ ನಾವಾಗಿ ಏರ್ಪಾಡು ಮಾಡದಿದ್ದರೆ ಆ ಬುಟ್ಟಿಯೇ ಇಲ್ಲ.

“ಪ್ರೋಗ್ರಾಮೇ ಹೇಳುತ್ತಿದೆ” ಎಂಬ ಮಾತು ಇನ್ನೂ ಕಿವಿಯಲ್ಲಿದೆ. ಪಡಿತರ ಅಂಗಡಿಯಲ್ಲಿ ಹೆಬ್ಬೆರಳಿನ ಗುರುತು ಹೊಂದದ ಮುದುಕಿಗೆ ಹೇಳುವುದೂ ಇದನ್ನೇ. ಆಕೆ ಎದುರಿಗೇ ನಿಂತಿರುತ್ತಾಳೆ, ಅಂಗಡಿಯವನಿಗೆ ಆಕೆಯ ಮನೆಯೂ ಗೊತ್ತಿರುತ್ತದೆ, ಆದರೂ ಯಂತ್ರ ಇಲ್ಲ ಎಂದರೆ ಇಲ್ಲ. ಅನುಮಾನ ಬಂದರೆ ಒಂದು ಮಾತು ಕೇಳಿ ನೋಡುವ ಅಭ್ಯಾಸ ಎಲ್ಲಿ ಹೋಯಿತೋ.

ಹಾಗೆಂದು ಶೆಟ್ಟರ ಪಕ್ಷ ಹಿಡಿಯಲೂ ಮನಸ್ಸಾಗಲಿಲ್ಲ. ಒಂದು ಪಿಡಿಎಫ್ ಉಳಿಸಿದ ಉತ್ಸಾಹದಲ್ಲಿ ಅವರು ಏನನ್ನೂ ಅಳಿಸುವುದೇ ಬೇಡ ಎಂದುಬಿಟ್ಟರು. ವೇಷ ಕಟ್ಟುವ ಚೌಕಿಯ ಅರೆಗತ್ತಲಲ್ಲಿ ತೆಗೆದ ಮಸುಕು ಚಿತ್ರಗಳು, ಒಂದೇ ಪ್ರವೇಶದ ರಾಶಿ ರಾಶಿ ಫೋಟೊಗಳು ಯಾರಿಗೆ ಬೇಕು? ಅವನ್ನು ಹೆಕ್ಕಿ ತೆಗೆಯಲು ಮಾತ್ರ ಆ ರಾತ್ರಿ ಅಲ್ಲಿದ್ದವರೇ ಬೇಕು, ಚೆಂಡೆಯವರ ಹಿಂದೆ ತೂಕಡಿಸುತ್ತಿರುವ ಹುಡುಗ ಯಾರ ಮಗ ಎಂದು ಹೇಳಬಲ್ಲವರು.

ಕೊನೆಗೆ ರಾತ್ರಿಯ ಅಳಿಸುವಿಕೆ ರದ್ದಾಯಿತು. ತಿಂಗಳಿಗೊಮ್ಮೆ ಪಟ್ಟಿ ಬರಲಿ, ಬ್ಯಾಕಪ್ ಮಾಡಿಟ್ಟು ನಾವೇ ನೋಡಿ ಅಳಿಸೋಣ ಎಂದಾಯಿತು. ನಿನ್ನೆ ಆ ಕೆಲಸಕ್ಕೆ ಕುಳಿತೆವು. ಮೊದಲ ಮಸುಕು ಚಿತ್ರಕ್ಕೇ ಶೆಟ್ಟರು ಅಡ್ಡ ಬಂದರು: “ಅದು ಇರಲಿ, ಮೂಲೆಯಲ್ಲಿ ಕಾಣುವ ಮೊಣಕೈ ನನ್ನದು.”