ಸೇನೆ ಇತ್ತು, ನೌಕಾಪಡೆ ಇತ್ತು, ಮತ್ತೆ ಈ ಮರೀನ್‌ಗಳು ಯಾಕೆ?

ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಭಾವ ಮತ್ತೆ ಅದೇ ಪ್ರಶ್ನೆ ತೆಗೆದರು. "ಅಲ್ಲ ಮಾರಾಯ, ಅಮೆರಿಕದ ಹತ್ರ ಸೇನೆ ಇತ್ತು, ನೌಕಾಪಡೆ ಇತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಕೈಯಿಂದ ಪೆಸಿಫಿಕ್ ದ್ವೀಪಗಳನ್ನ ಹಿಡಿಯೋದಕ್ಕೆ ಮರೀನ್ ಅಂತ ಮೂರನೇದು ಯಾಕೆ ಬೇಕಿತ್ತು?" ನಾನು ಯುದ್ಧದ ಇತಿಹಾಸ ಬರೆಯುತ್ತೇನೆ ಅಂತ ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ. ಅದಕ್ಕೇ ಬರೆಯಲು ಕೂತೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮ ಕಡೆ ‘ಮರೀನ್’ ಅಂದರೆ ಮರ್ಚೆಂಟ್ ನೇವಿ ಸೇರಿದ ಪಕ್ಕದ ಮನೆ ಹುಡುಗ ನೆನಪಾಗುತ್ತಾನೆ. ಇಲ್ಲವೇ ನಮ್ಮ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು. ಮಾರ್ಕೋಸ್ 1987ರಲ್ಲಿ ಹುಟ್ಟಿದ ಸಣ್ಣ ವಿಶೇಷ ಪಡೆ. ಅಮೆರಿಕದ ಮರೀನ್ ಕೋರ್ ಹಾಗಲ್ಲ. ನೌಕಾ ಇಲಾಖೆಯ ಸೂರಿನಡಿ ಇರುವ ಒಂದು ಪೂರ್ತಿ ಸೇನೆ ಅದು. ಆ ಯುದ್ಧದ ಕಾಲಕ್ಕೆ ಅದರದೇ ಕಾಲಾಳು, ಅದರದೇ ಫಿರಂಗಿ, ಟ್ಯಾಂಕು, ಕೊನೆಗೆ ವಿಮಾನ ಕೂಡ ಇದ್ದವು.

ಇನ್ನು ಉತ್ತರ. ಹಡಗಿಗೂ ದಡಕ್ಕೂ ಮಧ್ಯೆ ಕೆಲವು ನೂರು ಮೀಟರ್ ನೀರಿರುತ್ತದಲ್ಲ, ಅದೇ ಮರೀನ್‌ಗಳ ಜಾಗ. ಅಲ್ಲಿ ದೊಡ್ಡ ಹಡಗು ಬರೋಕಾಗಲ್ಲ, ಆಳ ಸಾಲದು. ಸೇನೆಯವರ ಕೆಲಸವೆಲ್ಲ ಕಾಲು ನೆಲಕ್ಕೆ ತಾಗಿದ ಮೇಲೆ. 1915ರಲ್ಲಿ ತುರ್ಕಿಯ ಗಲಿಪೊಲಿ ದಡದಲ್ಲಿ ಬ್ರಿಟಿಷರೂ ಜೊತೆಯವರೂ ಕೈ ಸುಟ್ಟುಕೊಂಡ ಮೇಲೆ, ಶತ್ರು ಕಾದು ಕೂತ ದಡಕ್ಕೆ ಇಳಿಯೋದು ಆಗಹೋಗದ ಮಾತು ಅಂತ ಬಹಳ ಜನ ಕೈಬಿಟ್ಟಿದ್ದರು. ಮರೀನ್‌ಗಳು ಅದನ್ನೇ ಹಿಡಿದು ಕೂತರು. 1921ರಲ್ಲಿ, ಅಂದರೆ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ ಅಮೆರಿಕವನ್ನು ಯುದ್ಧಕ್ಕೆ ಎಳೆಯೋದಕ್ಕೆ ಇಪ್ಪತ್ತು ವರ್ಷ ಮೊದಲೇ, ಅರ್ಲ್ ಎಲ್ಲಿಸ್ ಎಂಬ ಅಧಿಕಾರಿ ಜಪಾನಿನ ಕೈಯಿಂದ ಮೈಕ್ರೊನೇಷ್ಯದ ದ್ವೀಪಗಳನ್ನು ಹೇಗೆ ಕಿತ್ತುಕೊಳ್ಳಬೇಕು ಅಂತ ಯೋಜನೆ ಬರೆದಿಟ್ಟಿದ್ದ. 1934ರಲ್ಲಿ ದಡಕ್ಕಿಳಿಯುವ ಕೈಪಿಡಿಯೂ ತಯಾರಾಯಿತು. ಇದರಲ್ಲಿ ಸ್ವಾರ್ಥವೂ ಇತ್ತು ಬಿಡಿ. ಸಣ್ಣ ಪಡೆ, ಯಾವಾಗ ಸೇನೆಯೊಳಗೆ ಕರಗಿಸಿಬಿಡುತ್ತಾರೋ ಅನ್ನೋ ಭಯ. ಬೇರೆ ಯಾರೂ ಮುಟ್ಟದ ಒಂದು ಕಸುಬು ಅವರಿಗೆ ಬೇಕಿತ್ತು.

ಆ ಚಿಕ್ಕಚಿಕ್ಕ ದ್ವೀಪಗಳಾದರೂ ಯಾಕೆ ಬೇಕಿತ್ತು ಅಂದರೆ, ರನ್‌ವೇಗಾಗಿ. ಒಂದು ದ್ವೀಪ ಹಿಡಿ, ವಿಮಾನ ಇಳಿಸು, ಅಲ್ಲಿಂದ ಮುಂದಿನದಕ್ಕೆ ಕೈ ಹಾಕು. ಅಷ್ಟೇ ಲೆಕ್ಕ.

ಶೌರ್ಯದ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಮರೀನ್ ಅಂದಾಗ ಮೊದಲು ಕಣ್ಣಿಗೆ ಬರೋದು ಒದ್ದೆ ಕಾರ್ನ್‌ಫ್ಲೇಕ್ಸ್. 1942ರ ಜುಲೈ, ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಬಂದರು. ಮೊದಲನೇ ಮರೀನ್ ಡಿವಿಜನ್, ಅಂದರೆ ಸಾವಿರಾರು ಸೈನಿಕರ ಒಂದು ದೊಡ್ಡ ತುಕಡಿ, ಸೊಲೊಮನ್ ದ್ವೀಪಗಳ ಗ್ವಾಡಲ್‌ಕೆನಾಲ್‌ಗೆ ಹೊರಡಬೇಕು. ಅಮೆರಿಕದಿಂದ ಬಂದ ಸಾಮಾನನ್ನು ಜಾಗ ಉಳಿಸುವ ಹಾಗೆ ತುಂಬಿದ್ದರು, ಬೇಕಾದ ಕ್ರಮದಲ್ಲಿ ತುಂಬಿರಲಿಲ್ಲ. ದಡಕ್ಕಿಳಿದ ಕೂಡಲೇ ಕೈಗೆ ಸಿಗಬೇಕಾದ ಗುಂಡು, ನೀರು, ಔಷಧಿ ಎಲ್ಲಕ್ಕಿಂತ ಮೇಲೆ ಇರಬೇಕು. ಅಂದರೆ ಅವನ್ನು ಕೊನೆಗೆ ಹಡಗಿಗೆ ಏರಿಸಬೇಕು. ಹಾಗಾಗಿ ಎಲ್ಲವನ್ನೂ ಇಳಿಸಿ, ಬಿಚ್ಚಿ, ಮತ್ತೆ ತುಂಬುವ ಕೆಲಸ. ಕೂಲಿಯವರ ಜೊತೆ ಮಾತು ಹೊಂದಲಿಲ್ಲ, ಮರೀನ್‌ಗಳೇ ಹಗಲು ರಾತ್ರಿ ಪಾಳಿಯಲ್ಲಿ ಹೊತ್ತರು. ಮೇಲಿಂದ ಚಳಿಗಾಲದ ಮಳೆ. ರಟ್ಟಿನ ಪೆಟ್ಟಿಗೆಗಳು ನೆನೆದು ಒಡೆದು, ಕಾರ್ನ್‌ಫ್ಲೇಕ್ಸು, ಸಿಗರೇಟು ಎಲ್ಲ ಧಕ್ಕೆಯ ಮೇಲೆ ಗಂಜಿಯಾಗಿ ಹರಡಿಕೊಂಡವು. ಅದರ ಮೇಲೇ ಅವರು ನಡೆದಾಡಿದರು. ದ್ವೀಪ ಯುದ್ಧದ ಅರ್ಧ ಕೆಲಸ ಇದೇ. ಪೆಟ್ಟಿಗೆಗಳ ಕೆಲಸ.

ಆಗಸ್ಟ್ 7ಕ್ಕೆ ಗ್ವಾಡಲ್‌ಕೆನಾಲ್‌ನಲ್ಲಿ ಇಳಿದರು. ಆ ದಡದಲ್ಲಿ ಎದುರು ಬಂದವರು ಹೆಚ್ಚು ಇರಲಿಲ್ಲ. ಮಾರನೇ ದಿನವೇ ಜಪಾನೀಯರು ಅರೆಬರೆ ಕಟ್ಟಿದ್ದ ರನ್‌ವೇ ಕೈಗೆ ಬಂತು. ಎಡವಟ್ಟಾಗಿದ್ದು ಆಮೇಲೆ. 8ರ ರಾತ್ರಿ ಸಾವೊ ದ್ವೀಪದ ಹತ್ತಿರ ಜಪಾನೀ ಹಡಗುಗಳು ಬಂದು ಮಿತ್ರಪಡೆಯ ನಾಲ್ಕು ಕ್ರೂಸರ್ ಯುದ್ಧನೌಕೆಗಳನ್ನು ಮುಳುಗಿಸುವ ಹಾಗೆ ಹೊಡೆದುಹೋದವು. ಸಾಮಾನಿನ ಹಡಗುಗಳು ಅರ್ಧಂಬರ್ಧ ಇಳಿಸಿ ಜಾಗ ಖಾಲಿ ಮಾಡಿದವು. ಮರೀನ್‌ಗಳು ಎರಡು ಹೊತ್ತಿನ ಊಟಕ್ಕೆ ಇಳಿದರು. ಜಪಾನೀಯರು ಬಿಟ್ಟು ಓಡಿದ್ದ ಅಕ್ಕಿಯನ್ನೇ ಬೇಯಿಸಿಕೊಂಡರು. ಅವರೇ ಬಿಟ್ಟುಹೋದ ರೋಲರ್, ಲಾರಿಗಳಿಂದಲೇ ರನ್‌ವೇ ಮುಗಿಸಿದರು. ಆಗಸ್ಟ್ 20ಕ್ಕೆ ಮೊದಲ 31 ಯುದ್ಧವಿಮಾನ ಬಂದಿಳಿದವು. ಆಮೇಲೆ ಆ ಒಂದು ಪಟ್ಟಿ ನೆಲಕ್ಕಾಗಿ ತಿಂಗಳುಗಟ್ಟಲೆ ಹೊಡೆದಾಟ. ಗುಂಡಿನ ಜೊತೆಗೆ ಮಲೇರಿಯಾನೂ ಸಾಲುಸಾಲಾಗಿ ಮಲಗಿಸಿತು. ಡಿಸೆಂಬರ್‌ನಲ್ಲಿ ಮರೀನ್ ಡಿವಿಜನ್ ಹೊರಟಿತು, ಸೇನೆ ಬಂದು ಉಳಿದದ್ದು ಮುಗಿಸಿತು.

ದಡಕ್ಕಿಳಿಯುವ ಕಸುಬಿನ ನಿಜವಾದ ಪರೀಕ್ಷೆ ಒಂದು ವರ್ಷದ ಮೇಲೆ ಆಯಿತು. ತರಾವಾ ಹವಳದ ಸುತ್ತಿನಲ್ಲಿ ಬೆಟಿಯೊ ಅಂತ ಒಂದು ದ್ವೀಪ. ಉದ್ದ ಮೂರು ಕಿಲೋಮೀಟರ್ ಇರಬಹುದು, ಅಗಲ ಒಂದು ಕಿಲೋಮೀಟರ್ ಕೂಡ ಇಲ್ಲ. ಅದರೊಳಗೆ ಜಪಾನಿನ ಕಡೆಯ, ಕಾರ್ಮಿಕರೂ ಸೇರಿ ನಾಲ್ಕೂವರೆ ಸಾವಿರಕ್ಕೂ ಜಾಸ್ತಿ ಜನ, ತೆಂಗಿನ ದಿಮ್ಮಿ, ಮರಳು, ಕಾಂಕ್ರೀಟಿನ ಬಂಕರ್‌ಗಳಲ್ಲಿ.

ಇಲ್ಲಿ ನಮ್ಮ ಕರಾವಳಿಯವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ಗಂಗೊಳ್ಳಿ ಅಳಿವೆಯಲ್ಲಿ ಬೋಟಿನವರು ಭರತ ಬರಲಿ ಅಂತ ಕಾಯುತ್ತಾರಲ್ಲ, ಹಾಗೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಚೆನ್ನಾಗಿ ಏರುತ್ತದೆ. ಅಷ್ಟಮಿ ಹೊತ್ತಿಗೆ ಏರೋದೂ ಇಲ್ಲ, ಇಳಿಯೋದೂ ಇಲ್ಲ, ಸುಮ್ನೆ ನಿಂತ ಹಾಗಿರುತ್ತದೆ. 1943ರ ನವೆಂಬರ್ 20, ದಾಳಿಯ ದಿನ, ಚಂದ್ರ ಅರ್ಧಕ್ಕೆ ಇಳಿದಿದ್ದ. ಸಾಲದ್ದಕ್ಕೆ ಭೂಮಿಯಿಂದ ತುಂಬ ದೂರದಲ್ಲೂ ಇದ್ದ. ಆ ಕಡೆ ವರ್ಷಗಟ್ಟಲೆ ಇದ್ದ ಮೇಜರ್ ಹಾಲೆಂಡ್ ಎಂಬ ನ್ಯೂಜಿಲೆಂಡಿನವರು ನೀರು ಸಾಲದು ಅಂತ ಮೊದಲೇ ಹೇಳಿದ್ದರು. ಸೈನಿಕರನ್ನು ಹಡಗಿನಿಂದ ದಡಕ್ಕೆ ಒಯ್ಯುವ ಹಿಗಿನ್ಸ್ ದೋಣಿಗೆ ಸುಮಾರು ನಾಲ್ಕು ಅಡಿ ನೀರು ಬೇಕು. ಹವಳದ ದಿಬ್ಬದ ಮೇಲೆ ಮೂರು ಅಡಿ ಇದ್ದರೆ ಹೆಚ್ಚು.

ಮೊದಲ ಮೂರು ಸಾಲು ಆಮ್‌ಟ್ರ್ಯಾಕ್‌ಗಳಲ್ಲಿ ಹೋದವು. ಆಮ್‌ಟ್ರ್ಯಾಕ್ ಅಂದರೆ ನೀರಲ್ಲಿ ತೇಲಿ, ದಿಬ್ಬ ಬಂದರೆ ಚೈನಿನ ಮೇಲೆ ಹತ್ತಿಕೊಂಡು ಹೋಗುವ ಗಾಡಿ. ಫ್ಲೋರಿಡಾದ ಜೌಗಿನಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಲಿಕ್ಕೆ ಅಂತ ಮೊದಲು ಮಾಡಿದ್ದು! ಇದ್ದದ್ದು 125 ಮಾತ್ರ. ಹಿಂದಿನ ಸಾಲುಗಳು ಹಿಗಿನ್ಸ್ ದೋಣಿಯಲ್ಲಿ ಬಂದು ದಿಬ್ಬಕ್ಕೆ ಸಿಕ್ಕಿಕೊಂಡವು. ಬಾಗಿಲು ಇಳಿಸಿದರು. ಜನ ನೀರಿಗೆ ಇಳಿದರು. ಸೊಂಟಮಟ್ಟ, ಕೆಲವೆಡೆ ಎದೆಮಟ್ಟ ನೀರು, ಬಂದೂಕು ತಲೆಯ ಮೇಲೆ, ಸುಮಾರು ಐನೂರು ಮೀಟರ್ ನಡಿಗೆ, ಎದುರಿನಿಂದ ಮಷಿನ್‌ಗನ್. ಓಡೋಕಾಗಲ್ಲ, ಮಲಗೋಕಾಗಲ್ಲ. ರೇಡಿಯೊಗಳು ನೀರು ಕುಡಿದು ಸತ್ತವು. ದಡ ಮುಟ್ಟಿದವರು ದಿಮ್ಮಿಯ ಗೋಡೆಗೆ ಬೆನ್ನು ಕೊಟ್ಟು ಕೂತರು. ಮೊದಲ ದಿನ ಇಳಿದ ಐದು ಸಾವಿರದಲ್ಲಿ ಸುಮಾರು 1,500 ಮಂದಿ ಸತ್ತರು ಅಥವಾ ಗಾಯಗೊಂಡರು.

76 ಗಂಟೆಯಲ್ಲಿ ಮುಗಿಯಿತು. ಅಮೆರಿಕದ ಕಡೆ ಸತ್ತವರು ಸಾವಿರದ ಆಸುಪಾಸು. ಆ ಕಡೆ ಜೀವಂತ ಸಿಕ್ಕಿದ ಜಪಾನೀ ಸೈನಿಕರು 17. ಬಲವಂತದ ದುಡಿಮೆಗೆ ತಂದಿದ್ದ ಕೊರಿಯಾದವರು 129. ಕೊರಿಯಾದ ಆ ಕೂಲಿಗಳ ಮಾತು ಯಾರೂ ಎತ್ತೋದೇ ಇಲ್ಲ.

ತಪ್ಪಿನಿಂದ ಕಲಿತದ್ದು ಮಾತ್ರ ಬೇಗ. ನೀರಿನಡಿಯ ಅಡ್ಡಿ ನೋಡಿ ಸಿಡಿಸುವ ಈಜುಗಾರರ ತಂಡಗಳು ಬಂದವು. ಆಮ್‌ಟ್ರ್ಯಾಕ್ ಹೆಚ್ಚಿದವು. ಹವಾಯಿಯ ಒಂದು ದ್ವೀಪದಲ್ಲಿ ಬೆಟಿಯೊದಂಥದೇ ಬಂಕರ್ ಕಟ್ಟಿ ಹಡಗಿನ ಫಿರಂಗಿಯವರು ಗುರಿ ಅಭ್ಯಾಸ ಮಾಡಿದರು. ಎರಡೂವರೆ ತಿಂಗಳಿಗೆ ಮಾರ್ಷಲ್ ದ್ವೀಪಗಳ ಕ್ವಾಜಲಿನ್‌ಗೆ ಇಳಿದಾಗ ಅಮೆರಿಕದ ಕಡೆ ಸತ್ತವರ ಸಂಖ್ಯೆ ಎಷ್ಟೋ ಕಡಿಮೆ.

ಇಷ್ಟು ಕೇಳಿದ ಮೇಲೆ ಭಾವ ಬಿಡುವವರಲ್ಲ. "ಹಾಗಾದ್ರೆ ಸೇನೆಯಿಂದ ಇದು ಆಗ್ತಿರಲಿಲ್ವಾ?" ಆಗುತ್ತಿತ್ತು, ಆಯಿತು ಕೂಡ. ಬೆಟಿಯೊ ದಾಳಿಯ ದಿನವೇ ಮಾಕಿನ್ ದ್ವೀಪಕ್ಕೆ ಇಳಿದದ್ದು ಸೇನೆ. ನ್ಯೂಗಿನಿ, ಫಿಲಿಪ್ಪೀನ್ಸ್‌ನ ಇಳಿದಾಣಗಳಲ್ಲಿ ಬಹುಪಾಲು ಸೇನೆಯದೇ. 1944ರ ನಾರ್ಮಂಡಿ ಅಂತೂ ಪೂರ್ತಿ ಸೇನೆಯ ಇಳಿತ. ಯುದ್ಧ ಮುಗಿಯುವಾಗ ಮರೀನ್ ಡಿವಿಜನ್ ಇದ್ದದ್ದು ಆರು, ಪೆಸಿಫಿಕ್‌ನಲ್ಲಿದ್ದ ಸೇನೆಯ ಡಿವಿಜನ್ ಅದಕ್ಕಿಂತ ತುಂಬ ಜಾಸ್ತಿ. 1945ರಲ್ಲಿ ಇವೊ ಜಿಮಾ ದ್ವೀಪದಲ್ಲಿ ಮರೀನ್‌ಗಳು ಬಾವುಟ ನೆಡುವ ಆ ಫೋಟೊ ಒಂದರಿಂದಲೇ ಉಳಿದವರೆಲ್ಲ ಮರೆತುಹೋದರು ಅನ್ನಿಸುತ್ತದೆ ನನಗೆ. ಆದರೆ ಸೇನೆಯವರು ಇಳಿದದ್ದೂ ಮರೀನ್‌ಗಳು ಮೊದಲು ಬರೆದು, ಅಳೆದು, ಒದ್ದೆಯಾಗಿ ಕಲಿತ ಪಾಠವನ್ನು ಹಿಡಿದುಕೊಂಡೇ. ಹಿಗಿನ್ಸ್ ದೋಣಿಯ ಮುಂಬಾಗಿಲು ಕೂಡ ಹಾಗೇ ಬಂದದ್ದು. ವಿಕ್ಟರ್ ಕ್ರುಲಾಕ್ ಎಂಬ ಮರೀನ್ ಅಧಿಕಾರಿ 1937ರಲ್ಲಿ ಶಾಂಘೈನಲ್ಲಿ ಜಪಾನೀ ದೋಣಿಗಳಲ್ಲಿ ಅಂಥದ್ದನ್ನು ನೋಡಿ ವರದಿ ಕಳಿಸಿದ್ದ. ಯಾರ ದೋಣಿ ನೋಡಿ ಕಲಿತರೋ, ಅವರ ದ್ವೀಪಕ್ಕೇ ಅದರಲ್ಲಿ ಇಳಿದರು.

ಬೆಟಿಯೊ ಈಗ ಕಿರಿಬಾಸ್ ದೇಶದ ಕಿಕ್ಕಿರಿದ ಊರು. ಮನೆಗೆ ಪಾಯ ತೋಡುವಾಗ ಈಗಲೂ ಮೂಳೆ ಸಿಗುತ್ತವೆ. ಅಂದು ದಡ ತಲುಪದೆ ನಿಂತ ಒಂದು ಶರ್ಮನ್ ಟ್ಯಾಂಕ್ ತುಕ್ಕು ಹಿಡಿದು ಅದೇ ಆಳವಿಲ್ಲದ ನೀರಿನಲ್ಲಿದೆ. ಇಳಿತ ಬಂದಾಗ ಪೂರ್ತಿ ಕಾಣಿಸುತ್ತದೆ.