ಅಪ್ಸರಕೊಂಡದ ಕಡಲಮನೆ: ಅಡುಗೆಮನೆ, ಬಾವಿ ಮತ್ತು ದೀಪಗಳ ಕೆಲಸ

ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡದ ಬಳಿ ಇರುವ ನಮ್ಮ ಹಳೆಯ ಹಂಚಿನ ಮನೆಯನ್ನು, ಬಂದವರು ತಾವೇ ಅಡುಗೆ ಮಾಡಿಕೊಂಡು ಕೆಲವು ದಿನ ಉಳಿಯಬಹುದಾದ ಬಿಡಾರವಾಗಿ ಸಜ್ಜುಗೊಳಿಸುವ ಕೆಲಸ ಈಗ ಮಾಡಿನ, ಅಂದರೆ ಚಾವಣಿಯ, ಹಂತ ದಾಟಿ ಒಳಗೆ ಬಂದಿದೆ. ಮನೆಯೆದುರಿನ ಕಡಲು ಅಪ್ಸರಕೊಂಡ-ಮುಗಳಿ ಕಡಲ ವನ್ಯಜೀವಿಧಾಮಕ್ಕೆ ಸೇರಿದ್ದು, ಈ ಕರಾವಳಿಯ ಮರಳಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮನೆಯ ಪ್ರತಿಯೊಂದು ಕೆಲಸವೂ ಆ ಮರಳಿಗೆ ಹೊಂದುವಂತಿರಬೇಕು ಎಂಬುದು ನಮ್ಮ ನಿಲುವು.

ಮಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೆದ್ದಲು ಹಿಡಿದಿದ್ದ ರೀಪುಗಳನ್ನು ಬದಲಿಸಿ ಹಳೆಯ ಹಂಚನ್ನೇ ತೊಳೆದು ಹೊದಿಸಿದ್ದೇವೆ. ಉಪ್ಪುಗಾಳಿಗೆ ಕಬ್ಬಿಣದ ಮೊಳೆ ಬಾಳುವುದಿಲ್ಲವಾದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನವನ್ನು ಬಳಸಿದ್ದೇವೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯು ನಿರ್ಮಾಣ ನಿಷೇಧವಿರುವ ಕಡಲಂಚಿನ ಪ್ರದೇಶದಲ್ಲಿ ಅಧಿಕೃತ ಹಳೆಯ ಕಟ್ಟಡಗಳನ್ನು ಇದ್ದ ತಳವಿಸ್ತೀರ್ಣದೊಳಗೆ ಮಾತ್ರ ದುರಸ್ತಿ ಮಾಡಲು ಬಿಡುತ್ತದೆ. ಆದ್ದರಿಂದ ಹೊಸ ಕೋಣೆಯ ಯೋಚನೆಯನ್ನೇ ಮಾಡಲಿಲ್ಲ.

ಹೆಚ್ಚಿನ ಶ್ರಮ ಬಿದ್ದದ್ದು ಅಡುಗೆಮನೆಗೆ. ಇಲ್ಲಿಗೆ ಬರುವವರು ಮೀನು ತಂದು ತಾವೇ ಬೇಯಿಸಲು ಬಯಸುತ್ತಾರೆ. ಮೀನು ಹೆಚ್ಚಿದ ಮೇಲೆ ಉಳಿಯುವ ತಲೆ, ಕರುಳು, ಹುರುಪೆ ಹಿತ್ತಲಲ್ಲಿ ಬಿದ್ದರೆ ನಾಯಿಗಳು ಬರುತ್ತವೆ, ಹೀಗೆ ರೂಢಿಯಾದ ನಾಯಿಗಳೇ ರಾತ್ರಿ ಮರಳು ಕೆದಕಿ ಆಮೆಯ ಗೂಡುಗಳನ್ನು ಬಗೆಯುತ್ತವೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆಗಳಿರುತ್ತವೆ ಎಂಬುದನ್ನು ನೆನೆದರೆ ಕಸದ ಬುಟ್ಟಿಯೊಂದರ ಮುಚ್ಚಳ ಎಷ್ಟು ಮುಖ್ಯವೆಂದು ತಿಳಿಯುತ್ತದೆ. ಹಾಗಾಗಿ ಮೀನು ಹೆಚ್ಚುವ ಕಟ್ಟೆಯನ್ನು ಹಿತ್ತಲಿನಿಂದ ಒಳಕ್ಕೆ ತಂದು, ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಮೀನಿನ ಕಸವನ್ನು ತೆಂಗಿನ ನಾರಿನ ಪುಡಿಯೊಡನೆ ಪದರಪದರವಾಗಿ ಕೊಳೆಸುವ ವ್ಯವಸ್ಥೆ ಮಾಡಿದ್ದೇವೆ. ವಾಸನೆ ಹೊರಗೆ ಬರುತ್ತಿಲ್ಲ. ಪಾತ್ರೆ ತೊಳೆದ ನೀರು ಎಣ್ಣೆಜಿಡ್ಡು ತಡೆಯುವ ಸಣ್ಣ ತೊಟ್ಟಿಯನ್ನು ದಾಟಿ ಬಾಳೆಗಿಡಗಳ ಬುಡಕ್ಕೆ ಹೋಗುತ್ತದೆ. ಒಲೆ, ಕಡಾಯಿ, ಅನ್ನದ ಪಾತ್ರೆ, ಒರಳುಕಲ್ಲು ಎಲ್ಲವೂ ಸಿದ್ಧವಿವೆ. ಮಿಕ್ಸರ್ ಇದ್ದರೂ ಒರಳಿನಲ್ಲಿ ರುಬ್ಬಿದ ಮಸಾಲೆಯ ರುಚಿಯನ್ನು ಅತಿಥಿಗಳು ಒಮ್ಮೆಯಾದರೂ ನೋಡಲಿ ಎಂಬುದು ನನ್ನ ಆಸೆ.

ಬಾವಿಯ ವಿಷಯದಲ್ಲಿ ಪಂಪಿನ ಆಯ್ಕೆಯೇ ನಿರ್ಣಾಯಕ. ಕಡಲಂಚಿನ ಮರಳಿನಲ್ಲಿ ಮಳೆಯ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಮತ್ತು ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿರುವ ಸಿಹಿನೀರಿಗೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬ ಲೆಕ್ಕದಂತೆ, ಮೇಲಿನ ಮಟ್ಟ ಸ್ವಲ್ಪ ಇಳಿದರೂ ಕೆಳಗಿನ ಉಪ್ಪು ಬಹಳ ಮೇಲೇರಬಹುದು. ಒಂದೇ ಸಲಕ್ಕೆ ಟ್ಯಾಂಕ್ ತುಂಬಿಸುವ ದೊಡ್ಡ ಪಂಪನ್ನು ತೆಗೆದು, ಕಂತುಕಂತಾಗಿ ನೀರೆತ್ತುವ ಸಣ್ಣದನ್ನು ಕೂರಿಸಿದ್ದೇವೆ.

ಉಳಿದದ್ದು ದೀಪಗಳು. ಮೊಟ್ಟೆಯಿಟ್ಟು ಸುಮಾರು 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಹೆಚ್ಚು ಬೆಳಕಿರುವ ದಿಗಂತವನ್ನೇ ಕಡಲೆಂದು ಬಗೆದು ಅತ್ತ ತೆವಳುತ್ತವೆ. ಜಗುಲಿಯಲ್ಲಿ ಬಿಳಿಯ ಎಲ್‌ಇಡಿ ಉರಿಯುತ್ತಿದ್ದರೆ ಅವು ಊರ ಕಡೆಗೆ ಹೊರಟು, ನಾಯಿ ಕಾಗೆಗಳ ಪಾಲಾಗುತ್ತವೆ ಅಥವಾ ಬಿಸಿಲಿಗೆ ಒಣಗಿ ಸಾಯುತ್ತವೆ. ನೀಲಿ-ಬಿಳಿ ಬೆಳಕು ಅವನ್ನು ಹೆಚ್ಚು ಸೆಳೆಯುತ್ತದೆ, ಕೆಂಪು ಮತ್ತು ಗಾಢ ಹಳದಿ ಬೆಳಕು ಕಡಿಮೆ. ಹೀಗಾಗಿ ಕಡಲ ಕಡೆಯ ಗೋಡೆಯಲ್ಲಿ ಒಂದೂ ದೀಪವಿಲ್ಲ. ಜಗುಲಿಯಲ್ಲಿ ಮೊಣಕಾಲೆತ್ತರಕ್ಕೆ, ನೆಲವನ್ನಷ್ಟೇ ಬೆಳಗುವಂತೆ, ಮರೆ ಕಟ್ಟಿದ ಗಾಢ ಹಳದಿ ದೀಪಗಳನ್ನು ಹಾಕಿಸಿದ್ದೇವೆ. ಈ ವಿಷಯದಲ್ಲಿ ಅತಿಥಿಗಳಿಗೆ ರಿಯಾಯಿತಿ ಕೊಡಬಾರದು ಎಂದೇ ನಾನು ನಂಬಿದ್ದೇನೆ.

ಪಡುವಣ ಕಿಟಕಿಗಳಿಗೆ ದಪ್ಪ ಪರದೆ ಹೊಲಿಸುವುದು, ಅಂಗಳದಿಂದ ಮರಳಿಗೆ ಇಳಿಯುವ ದಾರಿಯನ್ನು ಒಂದೇ ಕಡೆಗೆ ಸೀಮಿತಗೊಳಿಸಿ ಉಳಿದ ಕಡೆ ನೇರಳೆ ಹೂವಿನ ಮರಳುಬಳ್ಳಿ ಹಬ್ಬಲು ಬಿಡುವುದು ಇನ್ನೂ ಬಾಕಿಯಿವೆ. ಪರದೆಯ ಕೆಲಸವನ್ನು ನವೆಂಬರ್‌ಗೆ ಮುಂಚೆ ಮುಗಿಸಿಯೇ ಮೊದಲ ಅತಿಥಿಗಳಿಗೆ ಬೀಗದ ಕೈ ಕೊಡುತ್ತೇವೆ.