ಅಮ್ಮನ ಪಿನ್ನು, ಅಪ್ಪನ ಅಡಕತ್ತರಿ

ಅಪ್ಪನಿಗೆ ಟಿ.ವಿ. ಬೇಕಾಗುವುದು ಒಂದು ಅಂಕಿಗಾಗಿ. ಮಳೆಗಾಲ ಶುರುವಾಯಿತೆಂದರೆ ಲಿಂಗನಮಕ್ಕಿಯ ಇಂದಿನ ಮಟ್ಟ ಎಷ್ಟೆಂದು ತಿಳಿಯದೆ ಅವರಿಗೆ ಎರಡನೇ ಲೋಟ ಕಾಫಿ ರುಚಿಸುವುದಿಲ್ಲ. ಜಲಾಶಯದ ಗರಿಷ್ಠ ಮಟ್ಟ 1819 ಅಡಿ. 1964ರಲ್ಲಿ ಅಣೆಕಟ್ಟು ಮುಗಿದಾಗ ಅಪ್ಪ ಇನ್ನೂ ಹುಡುಗ. ಅವರು ಹುಟ್ಟಿದ ಮನೆ ಈಗ ಆ ನೀರಿನ ತಳದಲ್ಲಿದೆ. ಮುಳುಗಡೆಯಾದ ಮೇಲೆ ಹೊಸನಗರದ ಕಡೆಗೆ ಬಂದು ತೋಟ ಎಬ್ಬಿಸಿದ ಮನೆತನ ನಮ್ಮದು. ಆ ವಿಷಯ ಅವರು ಹೆಚ್ಚು ಮಾತನಾಡುವುದಿಲ್ಲ, ಅಂಕಿ ಮಾತ್ರ ಕೇಳುತ್ತಾರೆ. ಪೇಪರಿನಲ್ಲಿ ನೋಡಬಹುದಲ್ಲ ಎಂದರೆ, ಪೇಪರು ಬರುವುದು ಮಧ್ಯಾಹ್ನದ ಬಸ್ಸಿಗೆ, ಅದೂ ಬಸ್ಸು ಬಂದರೆ.

ಕಳೆದ ವರ್ಷ ಹಸ್ತ ಮಳೆಯ ಹೊತ್ತಿಗೆ ಎರಡು ದಿನ ಮನೆಗೆ ಫೋನ್ ಹೋಗಲಿಲ್ಲ. ನಮ್ಮ ಮನೆಯೊಳಗೆ ಯಾವ ಕಂಪನಿಯ ಟವರೂ ಸಿಗದು. ಮೊಬೈಲು ಮಾತನಾಡುವುದೇ ವೈಫೈ ಮೂಲಕ. ಹಾಗಾಗಿ ಫೋನ್ ಸತ್ತಿದೆ ಎಂದರೆ ವೈಫೈ ಸತ್ತಿದೆ ಎಂದೇ ಅರ್ಥ ಎಂಬುದು ಗೊತ್ತಿದ್ದರೂ ಮನಸ್ಸು ಬೇರೇನೇನೋ ಯೋಚಿಸುತ್ತದೆ. ದಸರಾ ರಜೆ ಆರಂಭವಾಗಿತ್ತು, ಸೋಮವಾರ ಹೊರಡಬೇಕೆಂದಿದ್ದವಳು ಶನಿವಾರವೇ ಶಿವಮೊಗ್ಗದಲ್ಲಿ ಬಸ್ಸು ಹತ್ತಿದೆ.

ಅಪ್ಪ ಜಗುಲಿಯಲ್ಲಿ ಆರಾಮವಾಗಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಟಿ.ವಿ.ಯೂ ಇಲ್ಲ, ನೆಟ್ಟೂ ಇಲ್ಲ. ಗುರುವಾರದ ಗಾಳಿಗೆ ಎರಡೂ ಒಟ್ಟಿಗೆ ಹೋದವು" ಎಂದರು. ಅಮ್ಮ ಧಾರಾವಾಹಿಯ ಎರಡು ಕಂತು ತಪ್ಪಿದ್ದನ್ನು ಹೇಳಿದಳು. ಅದರಲ್ಲಿ ಒಂದು ಮದುವೆ ನಿಲ್ಲುವ ಹಂತದಲ್ಲಿತ್ತಂತೆ.

ಶಿವಮೊಗ್ಗದ ಮನೆಯಲ್ಲಿ ಇಂಥ ರಿಪೇರಿಯೆಲ್ಲ ನನ್ನದೇ. ಆ ಧೈರ್ಯದಲ್ಲಿ ಛತ್ರಿ ಹಿಡಿದು ಹೊರಟೆ. ಟವರ್ ಸಿಗುವುದು ಮನೆಯಿಂದ ಇನ್ನೂರು ಹೆಜ್ಜೆ ದೂರದ ದಣಪೆಯ, ಅಂದರೆ ಬೇಲಿಬಾಗಿಲಿನ ಹತ್ತಿರ, ಅದೂ ದಣಪೆಯ ಎಡಗಡೆಯ ಗೂಟದ ಪಕ್ಕ. ಸಹಾಯವಾಣಿಗೆ ಫೋನ್ ಮಾಡಿದೆ. ಹಾಡು ಮುಗಿದು ಬಂದ ಹುಡುಗಿ ಮೊದಲು ಹೇಳಿದ ಮಾತು, "ಮೇಡಂ, ಮೋಡೆಮ್ ಪಕ್ಕದಲ್ಲಿ ನಿಂತುಕೊಳ್ಳಿ."

ಮೋಡೆಮ್ ಪಕ್ಕದಲ್ಲಿ ನಿಂತರೆ ನೀವಿರುವುದಿಲ್ಲ ತಾಯಿ ಎಂದು ವಿವರಿಸುವಷ್ಟರಲ್ಲಿ ಎರಡು ನಿಮಿಷ ಹೋಯಿತು. ಕೊನೆಗೆ ನಾವೇ ಒಂದು ವ್ಯವಸ್ಥೆ ಮಾಡಿಕೊಂಡೆವು. ದಣಪೆಯಲ್ಲಿ ನಾನು, ಬಾವಿಕಟ್ಟೆಯ ಹತ್ತಿರ ಗೊರಬು ಹೊದ್ದ ಅಮ್ಮ, ಒಳಗೆ ಡಬ್ಬಿಯ ಮುಂದೆ ಅಪ್ಪ. ಮಳೆ ಅಡಿಕೆ ಹೆಡೆಗಳ ಮೇಲೆ ಬಾರಿಸುತ್ತಿತ್ತು, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಲುಪುತ್ತಿತ್ತು.

"ಆರಿಸಬೇಕಂತೆ!" ಎಂದು ನಾನು ಕೂಗಿದೆ. ಅಮ್ಮ ದಾಟಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಇರುವುದೇ ಒಂದು, ಯಾವುದನ್ನು ಆರಿಸಬೇಕು ಎಂದು ಕೇಳುತ್ತಿದ್ದಾರೆ!"

"ಆ ಆರಿಸುವುದಲ್ಲ, ಸ್ವಿಚ್ ಆರಿಸುವುದು!"

ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚಿ, ಯಾವ ಯಾವ ದೀಪ ಯಾವ ಬಣ್ಣ ಎಂದು ಹೇಳಬೇಕು. ಹಸಿರು ಎರಡು, ಕೆಂಪು ಒಂದು ಎಂದು ಸುದ್ದಿ ಬಂತು. ಕೆಂಪು ಮಿಣುಕುತ್ತಿದೆಯೋ ನಿಂತಿದೆಯೋ ಎಂದು ಹುಡುಗಿ ಕೇಳಿದಳು. ಅಮ್ಮ ಒಳಗೆ ಹೋಗಿ ತಾನೇ ನೋಡಿ ಬಂದಳು, ಅಪ್ಪನ ಕಣ್ಣಿನ ಮೇಲೆ ಅವಳಿಗೆ ಅಷ್ಟು ನಂಬಿಕೆಯಿಲ್ಲ. ಮಿಣುಕುತ್ತಿತ್ತು. ಇದನ್ನೇ ಮೂರು ಸಲ ಮಾಡಿಸಿದ ಮೇಲೆ ದೂರು ದಾಖಲಾಯಿತು, 48 ಗಂಟೆಯೊಳಗೆ ಜನ ಬರುತ್ತಾರೆ ಎಂದಳು.

ಆ ಕೆಂಪು ದೀಪದ ಪಕ್ಕದಲ್ಲಿ ಎಲ್‌ಒಎಸ್ ಎಂದು ಬರೆದಿರುತ್ತದೆ. ಅದು ಹತ್ತಿತೆಂದರೆ ಫೈಬರ್ ಎಳೆಯಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಡಬ್ಬಿಯನ್ನು ಆರಿಸಿ ಹಚ್ಚುವುದು, ಸೌದೆಯೇ ಇಲ್ಲದ ಒಲೆಯ ಮುಂದೆ ಕೂತು ಊದುಗೊಳವೆ ಊದಿದಂತೆ. ಇದು ನನಗೆ ಆಗ ತಿಳಿದಿರಲಿಲ್ಲ. 48 ಗಂಟೆ ಕಾಯುವ ತಾಳ್ಮೆಯೂ ಇರಲಿಲ್ಲ. ಡಬ್ಬಿಯ ಹಿಂದೆ ಸೂಜಿಮೊನೆಯಷ್ಟು ಒಂದು ತೂತು ಕಂಡಿತು. ರೀಸೆಟ್ ಎಂದು ಬರೆದಿತ್ತು. ಅಮ್ಮ ಕರಿಮಣಿಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಹತ್ತು ಸೆಕೆಂಡು ಒತ್ತಿ ಹಿಡಿದೆ. ಎಲ್ಲ ದೀಪವೂ ಒಮ್ಮೆ ಕಣ್ಣು ಮುಚ್ಚಿ ತೆರೆದವು, ಕೆಂಪು ಹಾಗೆಯೇ ಉಳಿಯಿತು. ಪಿನ್ನನ್ನು ವಾಪಸು ಕೊಟ್ಟೆ.

ಟಿ.ವಿ.ಯ ಕಡೆ ತಿರುಗಿದೆವು. ಡಿಶ್ ಇರುವುದು ಕೊಟ್ಟಿಗೆಯ ಮಾಡಿನ ತುದಿಯಲ್ಲಿ, ಮುಖ ಆಗ್ನೇಯಕ್ಕೆ. ನಮ್ಮ ಟಿ.ವಿ. ಉಪಗ್ರಹ ಸಮಭಾಜಕ ವೃತ್ತದ ಮೇಲೆ, ನಮಗಿಂತ ಪೂರ್ವಕ್ಕೆ ನಿಂತಿರುವುದರಿಂದ ಡಿಶ್ ಆ ದಿಕ್ಕಿಗೇ ನೋಡಬೇಕು. ಅದೇ ದಿಕ್ಕಿನಲ್ಲಿ ಅಡುಗೆಮನೆಯ ಹಿಂದಿನ ಹಲಸಿನ ಮರವೂ ಇದೆ. ಬೇಸಿಗೆಯಲ್ಲಿ ಚೆನ್ನಾಗಿ ಬರುವ ಚಿತ್ರ ಮಳೆಗಾಲದಲ್ಲಿ ಒದ್ದೆ ಕೊಂಬೆ ಬಾಗಿದಾಗ ಚೂರುಚೂರಾಗುತ್ತದೆ. ಕೊಂಬೆ ಕಡಿಸೋಣವೆಂದರೆ ಅದು ಹಪ್ಪಳಕ್ಕೆ ಒದಗುವ ಹಲಸು, ಅಮ್ಮ ಬಿಡುವುದಿಲ್ಲ. ಆದರೆ ಈ ಸಲ ಮಳೆ ನಿಂತಾಗಲೂ ಚಿತ್ರವಿರಲಿಲ್ಲ.

ಕೊಟ್ಟಿಗೆಗೆ ಏಣಿ ಹಾಕಿ ಹತ್ತಿದವಳು ನಾನು, ಕೆಳಗೆ ಏಣಿ ಹಿಡಿದವರು ಅಪ್ಪ. ಡಿಶ್‌ನ ಮೂಗಿಗೆ ಸಿಕ್ಕಿಸಿದ ಕೇಬಲ್ ತಿರುಪಿ ಬಿಚ್ಚಿದರೆ ಒಳಗಿನಿಂದ ಅರ್ಧ ಚಮಚ ನೀರು ಸುರಿಯಿತು. ನಡುವಿನ ತಂತಿಗೆ ಹಳೆಯ ಹಿತ್ತಾಳೆ ತಂಬಿಗೆಯಂತೆ ಹಸಿರು ಕಿಲುಬು ಹಿಡಿದಿತ್ತು. ಅಪ್ಪ ಅಡಕತ್ತರಿ ತಂದುಕೊಟ್ಟರು. ಕೇಬಲ್ಲಿನ ತುದಿಯನ್ನು ಒಂದು ಗೇಣು ಕತ್ತರಿಸಿ ತೆಗೆದೆವು, ಹೊಸ ತುದಿಯ ಸಿಪ್ಪೆಯನ್ನು ಅವರೇ ಸುಲಿದರು. ಐವತ್ತು ವರ್ಷ ಅಡಿಕೆ ಹೋಳು ಮಾಡಿದ ಕೈ, ಒಳಗಿನ ತಂತಿಗೆ ಗೀರೂ ಬೀಳಲಿಲ್ಲ. ಸುತ್ತಲಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಕೆಲಸ ಕೆಟ್ಟಿತು. ಸೆಟ್‌ಟಾಪ್ ಬಾಕ್ಸ್ ಡಿಶ್‌ನ ಮೂಗಿಗೆ ಕರೆಂಟು ಕಳಿಸುವುದೂ, ಮೂಗು ಚಿತ್ರ ಕಳಿಸುವುದೂ ಅದೇ ತಂತಿಯಲ್ಲಿ. ಎಳೆಗಳನ್ನೆಲ್ಲ ಹಿಂದಕ್ಕೆ ಬಾಚಿ, ಕನೆಕ್ಟರ್ ತಿರುಪಿ, ಮೇಲೆ ಸೈಕಲ್ ಟ್ಯೂಬಿನ ತುಂಡು ಬಿಗಿದೆವು. ಒಳಗಿನಿಂದ "ಬಂತು, ಬಂತು!" ಎಂದು ಅಮ್ಮ ಕೂಗಿದಳು.

ಬಂದದ್ದು ಒಂದು ಗಂಟೆ. ವಾರ್ತೆಯ ಹೊತ್ತಿಗೆ ಸರಿಯಾಗಿ ಮಳೆ ಮತ್ತೆ ಜಡಿಯಿತು, ಸಿಗ್ನಲ್ ಇಲ್ಲ ಎಂದು ಬಂತು. ಇದು ತಂತಿಯ ದೋಷವಲ್ಲ. ಡಿಶ್‌ಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್‌ನಷ್ಟು, ದಪ್ಪ ಹನಿಯ ಮಳೆ ಅದನ್ನು ಹೀರಿ ಚದುರಿಸಿಬಿಡುತ್ತದೆ. ಹಿಂದೆ ಊರಿನ ಸಾಹುಕಾರರ ಮನೆಯಲ್ಲಿ ಎಂಟಡಿಯ ಜಾಲರಿ ಡಿಶ್ ಇತ್ತು. ಅದು ಹಿಡಿಯುತ್ತಿದ್ದುದು ಇದರ ಮೂರು ಪಟ್ಟು ಉದ್ದದ ಅಲೆ, ಮಳೆಗೆ ಅಷ್ಟಾಗಿ ಜಗ್ಗುತ್ತಿರಲಿಲ್ಲ. ಅಪ್ಪ ಏನೂ ಹೇಳದೆ ಮಲಗಲು ಹೋದರು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೇ ಫೈಬರಿನ ಹುಡುಗ ಬಂದ. ಪಕ್ಕದ ಊರಿನವನು. 48 ಗಂಟೆಯ ಮಾತು ಅವನಿಗೆ ತಲುಪಿಯೇ ಇರಲಿಲ್ಲ, ಹಾಲು ಹಾಕಲು ಹೋದಾಗ ಡೇರಿಯಲ್ಲಿ ಯಾರೋ ಹೇಳಿದರಂತೆ. ಕಂಬದ ಪೆಟ್ಟಿಗೆಯಲ್ಲಿ ಮೀಟರ್ ಇಟ್ಟು ನೋಡಿದ, ಬೆಳಕು ಸರಿಯಾಗಿತ್ತು. ಮನೆಯಲ್ಲಿ ನೋಡಿದ, ಇಲ್ಲ. ನಡುವೆ ತೋಟ. ತಂತಿಯ ಹಿಂದೆಯೇ ನಡೆದು ಮೂರನೇ ಸಾಲಿನಲ್ಲಿ ನಿಂತ. ತಂತಿಯನ್ನು ಎರಡು ಅಡಿಕೆ ಮರಗಳಿಗೆ ಬಿಗಿಯಾಗಿ ಕಟ್ಟಿದ್ದರು. ಗಾಳಿಗೆ ಅಡಿಕೆ ಮರಗಳು ಒಂದೊಂದು ದಿಕ್ಕಿಗೆ ತೂಗುತ್ತವೆ, ಗಾಜಿನ ಎಳೆ ಎಷ್ಟೆಂದು ತಡೆದೀತು. "ಇದು ನಾನೇ ಕಟ್ಟಿದ್ದು ಅಕ್ಕ, ಸ್ವಲ್ಪ ಸಡಿಲ ಬಿಡಬೇಕಿತ್ತು" ಎಂದ. ಇಷ್ಟು ನೇರವಾಗಿ ತಪ್ಪು ಒಪ್ಪಿಕೊಂಡ ರಿಪೇರಿಯವನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಎರಡೂ ತುದಿಗಳನ್ನು ಪಂಪ್‌ಸೆಟ್ ಮನೆಯೊಳಗೆ ಎಳೆದುಕೊಂಡು ಕೂತ. ಸಿಪ್ಪೆ ಸುಲಿದರೆ ಒಳಗಿರುವುದು ಕೂದಲಿನಷ್ಟು ತೆಳ್ಳಗಿನ ಗಾಜು. ಕತ್ತರಿಸಿದ ಚೂರುಗಳನ್ನು ಕೆಳಗೆ ಬೀಳಿಸದೆ ಟೇಪಿಗೆ ಅಂಟಿಸಿ ಜೇಬಿಗೆ ಹಾಕಿಕೊಂಡ. ಕಾಲಿಗೆ ಹೊಕ್ಕರೆ ಕಣ್ಣಿಗೂ ಕಾಣದು, ತೆಗೆಯಲೂ ಬಾರದು ಎಂದ. ಬೆಸೆಯುವ ಯಂತ್ರದ ಪುಟ್ಟ ಪರದೆಯ ಮೇಲೆ ಎರಡು ಎಳೆಗಳು ಎದುರುಬದುರಾಗಿ ಹತ್ತಿರ ಬಂದವು, ಒಂದು ಕಿಡಿ, ಗೆರೆ ಒಂದೇ ಆಯಿತು. ಅಪ್ಪ ಬಗ್ಗಿ ನೋಡಿ ಇನ್ನೊಮ್ಮೆ ತೋರಿಸು ಎಂದರು.

ಮನೆಯಲ್ಲಿ ಮೀಟರ್ ಮೈನಸ್ 21 ತೋರಿಸಿತು. ಸೊನ್ನೆಗೆ ಹತ್ತಿರವಾದಷ್ಟೂ ಬೆಳಕು ಹೆಚ್ಚು, ಮೂರು ಇಳಿದರೆ ಬೆಳಕು ಅರ್ಧ, 28ರ ಆಚೆ ಹೋದರೆ ಡಬ್ಬಿ ಕೈಚೆಲ್ಲುತ್ತದೆ. ಕೆಂಪು ಆರಿತು. ಆದರೂ ನೆಟ್ ಬರಲಿಲ್ಲ. ಹುಡುಗ ಮೊಬೈಲಿನಲ್ಲಿ ಏನೋ ತೆರೆದು ನೋಡಿ ತಲೆಯೆತ್ತಿದ.

"ಪಿನ್ನು ಚುಚ್ಚಿದ್ದು ಯಾರು?"

ಅಮ್ಮ ಕರಿಮಣಿ ಮುಟ್ಟಿಕೊಂಡು ನನ್ನ ಕಡೆ ನೋಡಿದಳು. ರೀಸೆಟ್ ಒತ್ತಿದಾಗ ನಮ್ಮ ಸಂಪರ್ಕದ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿದ್ದವು. ಅವನು ಕಂಪನಿಯಿಂದ ಕೇಳಿ ಮತ್ತೆ ಬರೆಯಬೇಕಾಯಿತು. ಅರ್ಧ ಗಂಟೆ ಹೆಚ್ಚು, ಕಾಫಿ ಇನ್ನೊಂದು ಲೋಟ.

ನೆಟ್ ಬಂದ ಕೂಡಲೇ ಬೆಂಗಳೂರಿನಿಂದ ತಮ್ಮನ ಫೋನು. ಇದನ್ನು ಬಿಟ್ಟು ದೊಡ್ಡ ಕಂಪನಿಯೊಂದರ 300 ಎಂಬಿಪಿಎಸ್ ಹಾಕಿಸಿ, ಸಿನಿಮಾ ಆ್ಯಪ್‌ಗಳು ಪುಕ್ಕಟೆ, ಡಿಶ್ ಕಿತ್ತುಹಾಕಿ ಎಂಬುದು ಅವನ ವಾದ. ಆ ಕಂಪನಿಯ ತಂತಿ ನಿಂತಿರುವುದು ನಾಲ್ಕು ಕಿಲೋಮೀಟರ್ ಆಚೆ, ಮುಖ್ಯರಸ್ತೆಯಲ್ಲಿ. ಅದು ಬಂದರೂ ಮನೆಯಲ್ಲಿ ನೋಡುವುದು ಒಂದು ಟಿ.ವಿ., ಎಚ್‌ಡಿ ಚಿತ್ರಕ್ಕೆ ಐದು ಎಂಬಿಪಿಎಸ್ ಧಾರಾಳ, ಈಗಿರುವುದೇ ನಲವತ್ತು. ಡಿಶ್ ಬಿಡುವುದಾದರೆ ತಿಂಗಳ ಹಣವಿಲ್ಲದ ಡಿಡಿ ಫ್ರೀ ಡಿಶ್ ಹಾಕಿಸೋಣ, ಚಂದನ ಅದರಲ್ಲಿ ಬರುತ್ತದೆ ಎಂದು ಅಪ್ಪ. ನನ್ನ ಧಾರಾವಾಹಿ ಅದರಲ್ಲಿ ಬರುತ್ತದೆಯೇ ಎಂದು ಅಮ್ಮ. ಚರ್ಚೆ ಅಲ್ಲಿಗೆ ನಿಂತಿತು. ನಾನು ಡಿಶ್‌ನ ಬಿಲ್ಲು ತೆಗೆದು ನೋಡಿದರೆ ಬಂಗಾಳಿ, ಮರಾಠಿ ಚಾನೆಲ್ಲುಗಳಿಗೂ ಹಣ ಹೋಗುತ್ತಿತ್ತು. ಬೇಕಾದ ಚಾನೆಲ್ಲಿಗಷ್ಟೇ ಹಣ ಕೊಡಬಹುದೆಂಬ ನಿಯಮ 2019ರಿಂದಲೇ ಇದೆ. ಕನ್ನಡದ ಹತ್ತು ಉಳಿಸಿ ಬಾಕಿಯದು ತೆಗೆಸಿದೆ. ಡಿಶ್ ಇರಲಿ, ಗಾಳಿಗೆ ಒಂದು ಹೋದರೆ ಮಳೆಗೆ ಇನ್ನೊಂದು. ಎರಡೂ ಒಟ್ಟಿಗೆ ಹೋಗುವುದು ಹಸ್ತದಲ್ಲಿ ಮಾತ್ರ. ಫೈಬರ್ ಬದಲಿಸುವ ಮಾತಿಗೆ ಅಪ್ಪ, "ಅವರ ಹುಡುಗ ಯಾವ ಡೇರಿಗೆ ಹಾಲು ಹಾಕುತ್ತಾನೆ?" ಎಂದು ಕೇಳಿದರು. ತಮ್ಮನಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಮಧ್ಯಾಹ್ನ ಮೂರೂವರೆಗೆ ವಾರ್ತೆ. ಪರದೆಯ ಕೆಳಗೆ ಪಟ್ಟಿ ಹರಿಯುತ್ತಿತ್ತು. ಅಪ್ಪ ಕನ್ನಡಕ ಒರೆಸಿಕೊಂಡು ಟಿ.ವಿ.ಗೆ ಒಂದು ಮೊಳ ದೂರದಲ್ಲಿ ನಿಂತರು. 1816 ಎಂದು ಬಂದು ಹೋಯಿತು.

"ಇನ್ನು ಮೂರಡಿ" ಎಂದರು.

ಅಷ್ಟರಲ್ಲಿ ಗುಡ್ಡದ ಆಚೆ ಗುಡುಗಿತು. ಅಪ್ಪ ಟಿ.ವಿ.ಯ ಪ್ಲಗ್ ಕಿತ್ತರು, ಸೆಟ್‌ಟಾಪ್ ಬಾಕ್ಸಿನದು ಕಿತ್ತರು, ವೈಫೈ ಡಬ್ಬಿಯದನ್ನೂ ಕಿತ್ತರು. ಗಾಜಿನ ಎಳೆಯಲ್ಲಿ ಸಿಡಿಲು ಬಾರದು, ಕರೆಂಟಿನ ತಂತಿಯಲ್ಲಿ ಬಂದೇ ಬರುತ್ತದೆ, ಅದರ ಹಿಂದಿನ ವರ್ಷ ಒಂದು ಡಬ್ಬಿ ಹಾಗೆಯೇ ಸುಟ್ಟಿತ್ತು. ಮತ್ತೆ ಫೋನ್ ಮಾಡಿದ್ದ ತಮ್ಮನೊಡನೆ ನಾನು ಇನ್ನೂ ಮಾತನಾಡುತ್ತಲೇ ಇದ್ದೆ.